ನರದ ಸದ್ದು ತರಗತಿಗೆ: ಗಡಿ ತಾಲ್ಲೂಕುಗಳಿಗೆ ಒಗ್ಗುವ ಕಿಟ್ ಯಾವುದು?

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠದಲ್ಲಿ ನರಕೋಶದ ಚಿತ್ರವೊಂದಿದೆ. ಪರೀಕ್ಷೆಗೆ ಬರುವ ಚಿತ್ರವಾದ್ದರಿಂದ ಹುಡುಗರು ಅದನ್ನು ಕಣ್ಣು ಮುಚ್ಚಿ ಬಿಡಿಸುವಷ್ಟು ರೂಢಿ ಮಾಡಿಕೊಂಡಿರುತ್ತಾರೆ. ಅದೇ ಪಾಠದಲ್ಲಿ ಮೂಗು ಮುಚ್ಚಿಕೊಂಡು ಸಕ್ಕರೆ ತಿಂದು ನೋಡುವ ಚಟುವಟಿಕೆಯಿದೆ, ಬೆಳಕಿನತ್ತ ಬಾಗುವ ಸಸಿಯ ಚಟುವಟಿಕೆಯೂ ಇದೆ. ನರದಲ್ಲಿ ವಿದ್ಯುತ್ ಸಂಕೇತ ಹರಿಯುತ್ತದೆ ಎಂಬ ಪಾಠದ ಮುಖ್ಯ ಮಾತನ್ನು ಮಾತ್ರ ಸುಮ್ಮನೆ ನಂಬಬೇಕು. ವಿದ್ಯುತ್ತಿನ ಪಾಠಕ್ಕೆ ಬ್ಯಾಟರಿ-ಬಲ್ಬು ಉಂಟು, ಆಮ್ಲದ ಪಾಠಕ್ಕೆ ಲಿಟ್ಮಸ್ ಉಂಟು, ಬೆಳಕಿನ ಪಾಠಕ್ಕೆ ಮಸೂರ ಉಂಟು. ನರಕ್ಕೆ ಏನೂ ಇಲ್ಲ.

ಈ ಕೊರತೆಯನ್ನು ತುಂಬುವ ಅಗ್ಗದ ಉಪಕರಣಗಳು ಕಳೆದ ಹದಿನೈದು ವರ್ಷಗಳಲ್ಲಿ ಒಂದೊಂದಾಗಿ ಬಂದಿವೆ. ಕೆಲವು ಅಮೆರಿಕದಲ್ಲಿ ಹುಟ್ಟಿದವು, ಕೆಲವು ನಮ್ಮ ದೇಶದಲ್ಲೇ ತಯಾರಾಗುವವು, ಇನ್ನು ಕೆಲವನ್ನು ಬೆಸುಗೆ ಹಾಕಲು ಬಲ್ಲ ಯಾವ ಹುಡುಗನೂ ಮನೆಯಲ್ಲೇ ಜೋಡಿಸಬಹುದು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಐದು ಗಡಿ ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶಾಲೆಗಳಿಗೂ ಹವ್ಯಾಸಿಗಳಿಗೂ ಇವುಗಳಲ್ಲಿ ಯಾವುದು ಒಗ್ಗುತ್ತದೆ, ಯಾವುದನ್ನು ದೂರ ಇಡಬೇಕು, ದುಡ್ಡಿಗಿಂತ ಮೊದಲು ಇನ್ನೇನು ಹೊಂದಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಪ್ಪೆಯಿಂದ ಜಿರಳೆಯವರೆಗೆ

ನರಕ್ಕೂ ವಿದ್ಯುತ್ತಿಗೂ ನಂಟಿದೆ ಎಂಬುದು ಗೊತ್ತಾದದ್ದೇ ಕಪ್ಪೆಯ ಕಾಲಿನಿಂದ. ಇಟಲಿಯ ಬೊಲೋನ್ಯಾದ ಲುಯಿಜಿ ಗಾಲ್ವಾನಿ 1780ರ ದಶಕದಲ್ಲಿ ಸತ್ತ ಕಪ್ಪೆಯ ಕಾಲು ವಿದ್ಯುತ್ ಸೋಕಿದಾಗ ಸೆಟೆಯುವುದನ್ನು ಕಂಡು, 1791ರಲ್ಲಿ ತನ್ನ ಪ್ರಬಂಧ ಪ್ರಕಟಿಸಿದ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತ ಎಷ್ಟು ವೇಗದಲ್ಲಿ ಓಡುತ್ತದೆಂದು ಅಳೆದ; ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಆಲೋಚನೆಯಷ್ಟು ವೇಗವಾದದ್ದು ಯಾವುದೂ ಇಲ್ಲವೆಂದು ನಂಬಿದ್ದ ಕಾಲಕ್ಕೆ ಇದು ದೊಡ್ಡ ಆಘಾತ. 1920ರ ದಶಕದಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ನರದ ಸಂಕೇತವನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟು ಕಿವಿಯಿಂದಲೇ ಕೇಳಿದ. ಸ್ಪರ್ಶ ಜೋರಾದಂತೆ ಪ್ರತಿಯೊಂದು ಮಿಡಿತ ದೊಡ್ಡದಾಗುವುದಿಲ್ಲ, ಮಿಡಿತಗಳ ಸಂಖ್ಯೆ ಹೆಚ್ಚುತ್ತದೆ ಎಂದು ತೋರಿಸಿದ ಆ ಕೆಲಸಕ್ಕೆ 1932ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಇತ್ತ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸ್, ಊರಿನ ತಗಡು ಕೆಲಸದವನನ್ನೇ ಪಳಗಿಸಿ ಉಪಕರಣ ಮಾಡಿಸಿಕೊಂಡವರು, ಮುಟ್ಟಿದರೆ ಮುನಿ ಗಿಡದಲ್ಲೂ ವಿದ್ಯುತ್ ಸಂಕೇತ ಹರಿಯುತ್ತದೆಂದು ತೋರಿಸಿಕೊಟ್ಟರು. ಅಗ್ಗದ ಉಪಕರಣದಿಂದ ಗಟ್ಟಿ ವಿಜ್ಞಾನ ಮಾಡುವ ಪರಂಪರೆ ನಮಗೆ ಹೊಸದಲ್ಲ.

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಹುಕಾಲ ಈ ಪಾಠ ನಡೆದದ್ದು ಮಸಿ ಹಿಡಿಸಿದ ಕೈಮೋಗ್ರಾಫ್ ಉರುಳೆಯ ಮೇಲೆ, ಕಪ್ಪೆಯ ಮೀನಖಂಡದ ಸ್ನಾಯು ಬರೆಯುವ ಗೆರೆಯಿಂದ. ಪ್ರಾಣಿಹಿಂಸೆಯ ಪ್ರಶ್ನೆ ಬಲವಾದಂತೆ ಆ ಪದ್ಧತಿ ಹಿಂದೆ ಸರಿಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪದವಿ ತರಗತಿಗಳ ಅಂಗಛೇದನವನ್ನು ಹಂತಹಂತವಾಗಿ ಇಳಿಸಲು ಸೂಚಿಸಿ, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಆ ಜಾಗಕ್ಕೆ ಕಂಪ್ಯೂಟರ್ ಪರದೆಯ ಅನುಕರಣೆ ಬಂತು. ಹಿಂಸೆ ತಪ್ಪಿದ್ದು ಒಳ್ಳೆಯದೇ, ಆದರೆ ಪರದೆಯ ಮೇಲಿನ ಗೆರೆ ಯಾರೋ ಮೊದಲೇ ಬರೆದಿಟ್ಟ ಗೆರೆ. ಅದರಲ್ಲಿ ತಪ್ಪು ಉತ್ತರ ಬರುವುದಿಲ್ಲ, ಅಚ್ಚರಿಯೂ ಇರುವುದಿಲ್ಲ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನ ವಿದ್ಯಾರ್ಥಿಗಳು, ಗ್ರೆಗ್ ಗೇಜ್ ಮತ್ತು ಟಿಮ್ ಮಾರ್ಜುಲೊ, ಇದೇ ಖಾಲಿ ಜಾಗವನ್ನು ಕಂಡವರು. ಪ್ರಯೋಗಾಲಯದಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರ ಮಾಡುವ ಕೆಲಸವನ್ನು ನೂರು ಡಾಲರಿನೊಳಗೆ ಮಾಡಬೇಕೆಂದು ಹೊರಟು, 2009ರಲ್ಲಿ ಬ್ಯಾಕ್‌ಯಾರ್ಡ್ ಬ್ರೈನ್ಸ್ ಸಂಸ್ಥೆ ಕಟ್ಟಿದರು. ಅವರ ಸ್ಪೈಕರ್‌ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆ ಜಿರಳೆಯ ಕಾಲಿಗೆ ಚುಚ್ಚಿದ ಎರಡು ಸೂಜಿಗಳಿಂದ ನರದ ಮಿಡಿತವನ್ನು ಹಿಡಿದು, ಸ್ಪೀಕರಿನಲ್ಲಿ ಚಟಪಟ ಸದ್ದಾಗಿ ಕೇಳಿಸುತ್ತದೆ. ಕಾಲಿನ ಮುಳ್ಳುಗಳನ್ನು ಸೋಕಿದರೆ ಸದ್ದು ದಟ್ಟವಾಗುತ್ತದೆ. ಏಡ್ರಿಯನ್ ಕೇಳಿದ್ದನ್ನು ಈಗ ಶಾಲೆಯ ಹುಡುಗಿಯೂ ಕೇಳಬಹುದು. 2012ರಲ್ಲಿ ಅವರು ವಿನ್ಯಾಸವನ್ನೂ ಪಾಠಕ್ರಮವನ್ನೂ ಮುಕ್ತವಾಗಿ ಪ್ರಕಟಿಸಿದರು. 2013ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದ ಓಪನ್‌ಬಿಸಿಐ ಮಿದುಳಿನ ಅಲೆ ಹಿಡಿಯುವ ಬೋರ್ಡನ್ನು ಹವ್ಯಾಸಿಗಳಿಗೆ ತಲುಪಿಸಿತು. ಅದು ಗುಣದಲ್ಲಿ ಮೇಲು, ಬೆಲೆಯಲ್ಲಿ ನಮ್ಮ ಶಾಲೆಗೆ ನಿಲುಕದ್ದು.

ನಮ್ಮ ದೇಶದ ಮಟ್ಟಿಗೆ ಹೆಸರಿಸಬೇಕಾದದ್ದು ದೀಪಕ್ ಖತ್ರಿ ಕಟ್ಟಿದ ದೆಹಲಿಯ ಅಪ್‌ಸೈಡ್ ಡೌನ್ ಲ್ಯಾಬ್ಸ್. ಇವರ ಬಯೋಆಂಪ್ ಇಎಕ್ಸ್‌ಜಿ ಪಿಲ್ ಹೆಬ್ಬೆರಳ ಉಗುರಿಗಿಂತ ತುಸು ಉದ್ದದ ಬೋರ್ಡು. ಹೃದಯ, ಸ್ನಾಯು, ಕಣ್ಣಿನ ಚಲನೆ, ಮಿದುಳು ಈ ನಾಲ್ಕರ ಸಂಕೇತಗಳನ್ನೂ ಇದೊಂದೇ ಹಿಡಿಯುತ್ತದೆ. ವಿನ್ಯಾಸ ಮುಕ್ತ. ಸಂಕೇತ ನೋಡುವ ತಂತ್ರಾಂಶವನ್ನೂ ಇವರೇ ಉಚಿತವಾಗಿ ಕೊಡುತ್ತಾರೆ. ಬೋರ್ಡು, ಸಂಕೇತ ಅಳೆದು ಕಂಪ್ಯೂಟರಿಗೆ ಕೊಡುವ ಆರ್ಡುಯಿನೊ, ತಂತಿ, ಎಲೆಕ್ಟ್ರೋಡಾಗಿ ಮೈಗೆ ಹಚ್ಚುವ ಅಂಟುಪಟ್ಟಿ ಎಲ್ಲ ಸೇರಿ ಐದು ಸಾವಿರ ರೂಪಾಯಿಯೊಳಗೆ ಒಂದು ಕಿಟ್ ಕೂಡಿಸಬಹುದು. ವಿದೇಶದಿಂದ ತರಿಸುವ ಪೆಟ್ಟಿಗೆಗೆ ಸಾಗಣೆ, ಸುಂಕ, ಕೆಟ್ಟರೆ ರಿಪೇರಿ ಎಂಬ ಮೂರು ತಲೆನೋವುಗಳಿರುವಾಗ, ಚಿಕ್ಕೋಡಿಯ ಶಾಲೆ ಯಾವುದನ್ನು ಆರಿಸಬೇಕೆಂಬುದು ಚರ್ಚೆಯ ವಿಷಯವೇ ಅಲ್ಲ.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ

ನರಕೋಶದ ಒಳಭಾಗ ವಿಶ್ರಾಂತಿಯಲ್ಲಿದ್ದಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಸಂಕೇತ ಹಾಯುವಾಗ ಒಂದು ಮಿಲಿಸೆಕೆಂಡಿನ ಮಟ್ಟಿಗೆ ಈ ವ್ಯತ್ಯಾಸ ತಿರುವುಮುರುವಾಗುತ್ತದೆ. ಚರ್ಮದ ಮೇಲೆ ನಿಂತು ಕೇಳುವ ನಮಗೆ ಸಿಗುವುದು ಅದರ ಕ್ಷೀಣ ಪ್ರತಿಧ್ವನಿ ಮಾತ್ರ: ಎದೆಯ ಮೇಲೆ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್, ನೆತ್ತಿಯ ಮೇಲೆ ಮಿದುಳಿನದು 10ರಿಂದ 100 ಮೈಕ್ರೋವೋಲ್ಟ್. ಶಾಲೆಯಲ್ಲಿ ಸಿಗುವ ಆರ್ಡುಯಿನೊ ಬೋರ್ಡು 5 ವೋಲ್ಟನ್ನು 1,024 ಮೆಟ್ಟಿಲುಗಳಾಗಿ ಒಡೆದು ಅಳೆಯುತ್ತದೆ. ಒಂದು ಮೆಟ್ಟಿಲಿಗೆ ಹೆಚ್ಚುಕಡಿಮೆ 4.9 ಮಿಲಿವೋಲ್ಟ್. ಅಂದರೆ ಹೃದಯದ ಸಂಕೇತವನ್ನು ನೇರವಾಗಿ ಕೊಟ್ಟರೆ ಅದಕ್ಕೆ ಒಂದು ಮೆಟ್ಟಿಲು ಹತ್ತುವಷ್ಟೂ ಶಕ್ತಿಯಿಲ್ಲ. ಸಾವಿರ ಪಟ್ಟು ಹಿಗ್ಗಿಸಿದರೆ ಇನ್ನೂರು ಮೆಟ್ಟಿಲು ಹತ್ತುತ್ತದೆ, ಪರದೆಯ ಮೇಲೆ ಚೆಂದದ ಅಲೆ ಮೂಡುತ್ತದೆ. ಕಿಟ್‌ನ ಜೀವಾಳ ಈ ವರ್ಧಕವೇ.

ಹಿಗ್ಗಿಸುವುದೊಂದೇ ಆದರೆ ಗದ್ದಲವೂ ಹಿಗ್ಗುತ್ತದೆ. ಗೋಡೆಯ ವೈರಿಂಗಿನಿಂದ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ನಮ್ಮ ಮೈಮೇಲೆ ಸದಾ ಕೂತಿರುತ್ತದೆ, ನರದ ಸಂಕೇತಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ. ಇದನ್ನು ಕಳೆಯಲು ಎರಡು ಎಲೆಕ್ಟ್ರೋಡುಗಳನ್ನು ಸ್ನಾಯುವಿನ ಮೇಲೂ ಮೂರನೆಯದನ್ನು ಮೂಳೆಯಿರುವ ಜಾಗದಲ್ಲೂ ಅಂಟಿಸುತ್ತಾರೆ. ಎರಡಕ್ಕೂ ಸಮಾನವಾಗಿ ಬಂದ ಗದ್ದಲವನ್ನು ವರ್ಧಕ ಕಳೆದುಹಾಕಿ, ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಬೆಳೆಸುತ್ತದೆ. ಸಂತೆಯ ಗದ್ದಲ ಎರಡು ಕಿವಿಗೂ ಒಂದೇ ಆಗಿದ್ದರೂ ಪಕ್ಕದಲ್ಲಿ ನಿಂತವನ ಪಿಸುಮಾತು ಒಂದೇ ಕಿವಿಗೆ ಬೀಳುವಂತೆ ಇದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ ಗದ್ದಲ ಇನ್ನಷ್ಟು ತಗ್ಗುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಹಳ್ಳಿ ಶಾಲೆಗೆ ಇದು ಅನುಕೂಲವೇ: ನರದ ಪ್ರಯೋಗ ಕರೆಂಟ್ ಹೋದಾಗ ಇನ್ನೂ ಚೆನ್ನಾಗಿ ಆಗುತ್ತದೆ.

ಈ ಕಿಟ್‌ನಿಂದ ಏನೇನು ನೋಡಬಹುದು? ಅತಿ ಸುಲಭವಾದದ್ದು ಮುಂಗೈ ಸ್ನಾಯು. ಮುಷ್ಟಿ ಬಿಗಿದಷ್ಟೂ ಗೆರೆ ದಪ್ಪವಾಗುತ್ತದೆ. ಗರಡಿ ಮನೆ, ಕುಸ್ತಿಯ ಹುಚ್ಚು ಇನ್ನೂ ಆರದ ಈ ಸೀಮೆಯಲ್ಲಿ ಇಬ್ಬರು ಹುಡುಗರನ್ನು ಪಂಜಾ ಕುಸ್ತಿಗೆ ಕೂರಿಸಿ ಇಬ್ಬರ ಮುಂಗೈಗೂ ಎಲೆಕ್ಟ್ರೋಡ್ ಅಂಟಿಸಿದರೆ ಸಾಕು, ದಣಿಯುವ ಸ್ನಾಯು ಏನು ಮಾಡುತ್ತದೆ ಎಂಬ ಪಾಠವನ್ನು ಬೇರೆ ಹೇಳಬೇಕಿಲ್ಲ. ಎರಡನೆಯದು ಹೃದಯ: ಕೂತಾಗ, ಮೈದಾನ ಸುತ್ತಿ ಬಂದಾಗ, ಉಸಿರು ಹಿಡಿದಾಗ ಬಡಿತ ಹೇಗೆ ಬದಲಾಗುತ್ತದೆ ಎಂಬುದು. ಮೂರನೆಯದು ಕಣ್ಣು: ಎಡಕ್ಕೆ ನೋಡಿದರೆ ಗೆರೆ ಒಂದು ಕಡೆಗೆ, ಬಲಕ್ಕೆ ನೋಡಿದರೆ ಇನ್ನೊಂದು ಕಡೆಗೆ. ಕೊನೆಯದು ಮತ್ತು ಕಷ್ಟದ್ದು ಮಿದುಳು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದ ಆಲ್ಫಾ ಅಲೆ, ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏಳುವಂಥದ್ದು, ತಾಳ್ಮೆಯಿದ್ದರೆ ಶಾಲೆಯಲ್ಲೂ ಕಾಣಿಸುತ್ತದೆ. ಮೊದಲ ದಿನವೇ ಮಿದುಳಿಗೆ ಕೈಹಾಕುವ ಮಾಸ್ತರು ನಿರಾಶರಾಗುತ್ತಾರೆ. ತೋಳಿನಿಂದ ಶುರುಮಾಡಿ ತಲೆಗೆ ಏರುವುದೇ ಸರಿಯಾದ ಕ್ರಮ.

ಬಿಡಿಗಾಸಿಲ್ಲದೆ ಆಗುವ ಕೆಲಸ

ಕಿಟ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನರವಿಜ್ಞಾನದ ಒಳ್ಳೆಯ ಪ್ರಯೋಗಗಳಲ್ಲಿ ಅರ್ಧಕ್ಕರ್ಧ ಕಂಪಾಸ್ ಪೆಟ್ಟಿಗೆಯಲ್ಲೇ ಇವೆ.

ಹೆಲ್ಮ್‌ಹೋಲ್ಟ್ಸ್ ಕಪ್ಪೆಯಲ್ಲಿ ಮಾಡಿದ್ದನ್ನು ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಮಾಡಬಹುದು. ಮೊದಲು ಪ್ರತಿಯೊಬ್ಬರೂ ಮುಂದಿನವರ ಭುಜ ಹಿಡಿದು, ತಮ್ಮ ಭುಜ ಅದುಮಿದ್ದು ತಿಳಿದ ಕೂಡಲೇ ಮುಂದಿನ ಭುಜ ಅದುಮಬೇಕು. ಸಾಲಿನ ತುದಿ ಮುಟ್ಟಲು ಎಷ್ಟು ಹೊತ್ತಾಯಿತೆಂದು ಮೊಬೈಲ್ ಗಡಿಯಾರದಲ್ಲಿ ನೋಡಬೇಕು. ಆಮೇಲೆ ಎಲ್ಲರೂ ಕುಳಿತು ಭುಜದ ಬದಲು ಹಿಮ್ಮಡಿಯ ಮೇಲ್ಭಾಗ ಹಿಡಿದು ಅದನ್ನೇ ಮಾಡಬೇಕು. ಕಾಲಿನಿಂದ ಮಿದುಳಿಗೆ ಭುಜಕ್ಕಿಂತ ಸುಮಾರು ಒಂದು ಮೀಟರ್ ದಾರಿ ಹೆಚ್ಚು. ನರ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಸಂಕೇತ ಒಯ್ಯುತ್ತದೆ ಅಂದುಕೊಂಡರೆ ಒಬ್ಬರಿಗೆ 0.02 ಸೆಕೆಂಡು ತಡ, ಇಪ್ಪತ್ತು ಜನಕ್ಕೆ 0.4 ಸೆಕೆಂಡು. ಹಲವು ಸಲ ಮಾಡಿ ಸರಾಸರಿ ತೆಗೆದರೆ ಈ ವ್ಯತ್ಯಾಸ ಕೈಗೆ ಸಿಗುತ್ತದೆ. ಗಣಿತ, ಜೀವಶಾಸ್ತ್ರ, ಆಟ ಮೂರೂ ಒಂದೇ ಪಿರಿಯಡ್ಡಿನಲ್ಲಿ.

ಬೀಳುವ ಸ್ಕೇಲನ್ನು ಬೆರಳಲ್ಲಿ ಹಿಡಿಯುವ ಆಟ ಪ್ರತಿಕ್ರಿಯಾ ಸಮಯದ ಪ್ರಯೋಗ. ಸ್ಕೇಲು 20 ಸೆಂಟಿಮೀಟರ್ ಜಾರಿದರೆ ಪ್ರತಿಕ್ರಿಯೆಗೆ 0.2 ಸೆಕೆಂಡು ಹಿಡಿಯಿತೆಂದು ಅರ್ಥ. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನ ಆ ಹೊತ್ತಿನಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. ನಿದ್ದೆಗೆಟ್ಟವನಾದರೆ ಇನ್ನೂ ಹೆಚ್ಚು. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಊರಿನಲ್ಲಿ ಈ ಲೆಕ್ಕ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ.

ಕಂಪಾಸಿನ ಎರಡು ತುದಿ ಚರ್ಮಕ್ಕೆ ಸೋಕಿದಾಗ ಎರಡೆಂದು ಗೊತ್ತಾಗಲು ಬೆರಳ ತುದಿಯಲ್ಲಿ 2-3 ಮಿಲಿಮೀಟರ್ ಅಂತರ ಸಾಕು. ಬೆನ್ನಿನ ಮೇಲಾದರೆ 40 ಮಿಲಿಮೀಟರಿನಷ್ಟು ಬೇಕು. ಬ್ರೈಲ್ ಓದುವವರ ಬೆರಳು ಉಳಿದವರದಕ್ಕಿಂತ ಸೂಕ್ಷ್ಮ ಎಂಬುದು ಸಂಶೋಧನೆಗಳಲ್ಲಿ ಕಂಡ ಸಂಗತಿ. ಹಾಗಾದರೆ ವರ್ಷಗಟ್ಟಲೆ ಬೀಡಿ ಕಟ್ಟಿದ ನಿಪ್ಪಾಣಿಯ ಹೆಣ್ಣುಮಕ್ಕಳ ಬೆರಳು? ಚರ್ಮ ದಪ್ಪವಾಗಿ ಸೂಕ್ಷ್ಮತೆ ಇಳಿದಿದೆಯೋ, ಅಭ್ಯಾಸದಿಂದ ಏರಿದೆಯೋ? ಅವ್ವನ ಬೆರಳನ್ನೂ ನೆರೆಮನೆಯವರ ಬೆರಳನ್ನೂ ಅವರ ಒಪ್ಪಿಗೆ ಪಡೆದು ಅಳೆದರೆ ಒಂಬತ್ತನೆಯ ತರಗತಿಯ ಹುಡುಗಿಗೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲದ ಪ್ರಶ್ನೆಯೊಂದು ಸಿಕ್ಕಿತು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಕೇಳುವುದೂ ಇಂಥ ಊರಿನ ಪ್ರಶ್ನೆಗಳನ್ನೇ.

ಜಿರಳೆಯೋ, ತೋಳೋ, ಗಿಡವೋ

ಜಿರಳೆಯ ಪ್ರಯೋಗ ಅದ್ಭುತವಾದದ್ದು ಎಂಬುದರಲ್ಲಿ ಅನುಮಾನವಿಲ್ಲ. ಬೇರೆ ಯಾವುದರಲ್ಲೂ ಒಂದೊಂದೇ ನರಕೋಶದ ಮಿಡಿತ ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ಜಿರಳೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಮರಗಟ್ಟಿಸಿ ಕಾಲು ತೆಗೆಯುತ್ತಾರೆ. ಕಾನೂನಿನ ದೃಷ್ಟಿಯಿಂದ ಕೀಟಗಳಿಗೆ ಕಪ್ಪೆಯಷ್ಟು ರಕ್ಷಣೆಯಿಲ್ಲ. ಪಿಯುಸಿ ಪ್ರಯೋಗಾಲಯದಲ್ಲಿ ಜಿರಳೆ ಬಹಳ ವರ್ಷ ಮಾಮೂಲಿ ಅತಿಥಿಯಾಗಿತ್ತು. ಆದರೂ ಬ್ಯಾಕ್‌ಯಾರ್ಡ್ ಬ್ರೈನ್ಸ್ 2013ರಲ್ಲಿ ಮೊಬೈಲಿನಿಂದ ಜಿರಳೆಯ ದಿಕ್ಕು ತಿರುಗಿಸುವ ರೋಬೊರೋಚ್ ಕಿಟ್ ತಂದಾಗ ಜೀವವನ್ನು ಆಟಿಕೆ ಮಾಡುತ್ತೀರಾ ಎಂಬ ಆಕ್ಷೇಪ ಅಮೆರಿಕದಲ್ಲೇ ಎದ್ದಿತು.

ಗಡಿ ತಾಲ್ಲೂಕುಗಳಲ್ಲಿ ಈ ಆಕ್ಷೇಪ ಇನ್ನೂ ಆಳವಾದದ್ದು. ಜೈನ ಮನೆತನಗಳು ತಲೆತಲಾಂತರದಿಂದ ನೆಲೆಸಿರುವ ಊರುಗಳು ಇವು. ಸೂರ್ಯ ಮುಳುಗಿದ ಮೇಲೆ ದೀಪಕ್ಕೆ ಬೀಳುವ ಹುಳವೂ ಸಾಯಬಾರದೆಂದು ಊಟವನ್ನೇ ಮುಂಚಿತವಾಗಿ ಮುಗಿಸುವ ಮನೆಯ ಹುಡುಗಿಗೆ, ಜಿರಳೆಯ ಕಾಲು ಕೀಳು, ಮಾರ್ಕು ಸಿಗುತ್ತದೆ ಎಂದು ಹೇಳುವುದು ವಿಜ್ಞಾನದ ಪಾಠವಾಗುವುದಿಲ್ಲ. ಲಿಂಗಾಯತ ಮನೆಗಳಲ್ಲೂ ಇದೇ ಹಿಂಜರಿಕೆ ಇರುವುದು ಸಹಜ. ಮಕ್ಕಳ ಒಳಗಿನ ಕರುಣೆಯನ್ನು ಅಳುಕೆಂದು ಹೀಗಳೆದು ವಿಜ್ಞಾನ ಕಲಿಸಿದರೆ, ಕಲಿತವರು ವಿಜ್ಞಾನದಿಂದಲೇ ದೂರ ಸರಿಯುತ್ತಾರೆ.

ಹಾಗಾಗಿ ಇಲ್ಲಿಗೆ ಒಗ್ಗುವ ದಾರಿ ಎರಡು. ಮೊದಲನೆಯದು ಮಕ್ಕಳದೇ ತೋಳು, ಎದೆ, ಕಣ್ಣು. ಅಂಟುಪಟ್ಟಿ ಹಚ್ಚಿ ಕಿತ್ತರೆ ಮುಗಿಯಿತು, ಯಾರಿಗೂ ನೋವಿಲ್ಲ. ಎರಡನೆಯದು ಬೋಸರು ಆರಿಸಿಕೊಂಡ ಮುಟ್ಟಿದರೆ ಮುನಿ. ಇದೇ ವರ್ಧಕದ ಒಂದು ತಂತಿಯನ್ನು ಅದರ ಎಲೆದೇಟಿಗೂ ಇನ್ನೊಂದನ್ನು ಕುಂಡದ ಮಣ್ಣಿಗೂ ತಾಗಿಸಿದರೆ, ಎಲೆ ಮಡಚುವ ಮುನ್ನ ಹಾಯುವ ವಿದ್ಯುತ್ ಸಂಕೇತ ಗೆರೆಯಾಗಿ ಏಳುತ್ತದೆ. ಗಿಡದ ಸಂಕೇತ ನಿಧಾನವಾದದ್ದಾದ್ದರಿಂದ ವರ್ಧಕ ಅದಕ್ಕೆ ಹೊಂದಿಕೊಳ್ಳುವಂತಿರಬೇಕು. ಅದರ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್, ನಮ್ಮ ನರದ್ದು ಸುಮಾರು 50 ಮೀಟರ್. ನರವೇ ಇಲ್ಲದ ಗಿಡಕ್ಕೂ ವಿದ್ಯುತ್ ಸಂಕೇತ ಏಕೆ ಬೇಕು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ. ಪದವಿ ಕಾಲೇಜಿನವರು, ತಾವಾಗಿ ಒಪ್ಪಿದವರು, ಜಿರಳೆಯ ಪ್ರಯೋಗ ಮಾಡಲಿ. ಶಾಲೆಗೆ ಅದು ಬೇಡ.

ನಿಪ್ಪಾಣಿಯ ತಂಬಾಕು, ಕಬ್ಬಿನ ಹೊಲದ ನಾಗರ

ಕಿಟ್ ತೋರಿಸುವುದು ನರದ ವಿದ್ಯುತ್ತನ್ನು. ನರದ ರಸಾಯನವನ್ನು ತೋರಿಸಲು ಈ ಸೀಮೆಗಿಂತ ಉತ್ತಮ ಪಠ್ಯ ಸಿಗುವುದು ಕಷ್ಟ. ನಿಪ್ಪಾಣಿಯ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ತಂಬಾಕಿನಲ್ಲಿರುವ ನಿಕೋಟಿನ್‌ನಿಂದಲೇ ನರವಿಜ್ಞಾನದ ದೊಡ್ಡ ತಿರುವೊಂದು ಬಂತು. ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ ನರವನ್ನು ಕಡಿದ ಮೇಲೂ ನಿಕೋಟಿನ್ ಸೋಕಿದ ಸ್ನಾಯು ಸಂಕುಚಿಸುವುದನ್ನು ಕಂಡು, ಸ್ನಾಯುವಿನ ಮೇಲೆಯೇ ರಾಸಾಯನಿಕವನ್ನು ಬರಮಾಡಿಕೊಳ್ಳುವ ವಸ್ತುವೊಂದು ಇರಬೇಕೆಂದು ಊಹಿಸಿದ. ಇಂದು ನಾವು ಗ್ರಾಹಕ ಎನ್ನುವುದು ಅದನ್ನೇ. 1921ರಲ್ಲಿ ಓಟೊ ಲೊವಿ ಎರಡು ಕಪ್ಪೆಗಳ ಹೃದಯವಿಟ್ಟುಕೊಂಡು, ನರದಿಂದ ಹೊರಟ ಸಂದೇಶ ದ್ರವದ ಮೂಲಕ ದಾಟುತ್ತದೆಂದು ಸಾಬೀತು ಮಾಡಿದ. ಆ ದೂತನೇ ಅಸಿಟೈಲ್‌ಕೋಲಿನ್.

ಕಬ್ಬಿನ ಹೊಲದಲ್ಲಿ ನಾಗರಹಾವು ಕಚ್ಚಿದಾಗ ರೆಪ್ಪೆ ಜೋತುಬಿದ್ದು ಉಸಿರು ಕಟ್ಟುವುದು ಏಕೆ? ವಿಷ ಹೋಗಿ ಕೂರುವುದು ಸ್ನಾಯುವಿನ ಮೇಲಿನ ಅದೇ ಗ್ರಾಹಕದ ಮೇಲೆ. ನಿಕೋಟಿನ್‌ನ ಮಾದರಿಯಲ್ಲಿ ತಯಾರಾದ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಕೀಟದ ನರದಲ್ಲಿ ಅದೇ ಬಗೆಯ ಗ್ರಾಹಕವನ್ನು ಹಿಡಿಯುತ್ತದೆ. ಆರ್ಗನೋಫಾಸ್ಫೇಟ್ ವರ್ಗದ ಔಷಧಿಗಳು ಅಸಿಟೈಲ್‌ಕೋಲಿನನ್ನು ಒಡೆದು ತೆಗೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬಾಯಿಗೆ ಬಟ್ಟೆ ಕಟ್ಟದೆ ಸಿಂಪಡಿಸಿದವನಿಗೆ ಜೊಲ್ಲು, ಬೆವರು, ಕಿರಿದಾದ ಕಣ್ಣುಪಾಪೆ ಕಾಣಿಸಿಕೊಳ್ಳುವುದು ಅದಕ್ಕೇ. ತಂಬಾಕು, ಹಾವು, ಸಿಂಪಡಿಸುವ ಪಂಪು ಮೂರೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಇದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ಹೇಳಿದರೆ ಸಾಕು. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುವ ವಿಷ, ಶಾಲೆಯಲ್ಲಿ ಅದರ ಪ್ರಯೋಗ ಸಲ್ಲದು.

ದಾಟಬಾರದ ಗೆರೆ

ದೇಹಕ್ಕೆ ತಂತಿ ತಾಗಿಸುವ ಯಾವ ಪ್ರಯೋಗಕ್ಕೂ ಮೊದಲ ನಿಯಮ: ಬ್ಯಾಟರಿ ಮಾತ್ರ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್, ಗೋಡೆಯ ಅಡಾಪ್ಟರ್ ಮಗುವಿನ ಮೈಗೆ ಸಂಬಂಧ ಹೊಂದಿರಕೂಡದು. ಎರಡನೆಯ ನಿಯಮ: ಕೇಳಬೇಕು, ಚೋದಿಸಬಾರದು. ನೆತ್ತಿಗೆ ಸಣ್ಣ ವಿದ್ಯುತ್ ಹರಿಸಿದರೆ ನೆನಪು ಹೆಚ್ಚುತ್ತದೆ ಎಂದು ಮನೆಯಲ್ಲೇ ಬ್ಯಾಟರಿ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಅಮೆರಿಕದ ನರವಿಜ್ಞಾನಿಗಳು 2016ರಲ್ಲಿ ಬಹಿರಂಗ ಪತ್ರ ಬರೆದು ಎಚ್ಚರಿಸಿದರು. ಮಿದುಳಿನ ಒಂದು ಭಾಗಕ್ಕೆ ಒಳಿತಾದರೆ ಇನ್ನೊಂದಕ್ಕೆ ಏನಾಗುತ್ತದೆಂದು ಹೇಳಲು ಬಾರದು ಎಂಬುದು ಅವರ ಮಾತಿನ ಸಾರ. ಮೂರನೆಯದು: ಇದು ತಪಾಸಣೆಯ ಯಂತ್ರವಲ್ಲ. ಶಾಲೆಯ ಕಿಟ್‌ನಲ್ಲಿ ಹೃದಯದ ಗೆರೆ ಓರೆಯಾಗಿ ಬಂದರೆ ಎಲೆಕ್ಟ್ರೋಡ್ ಸಡಿಲಾಗಿರುವ ಸಂಭವವೇ ಹೆಚ್ಚು. ತಂದೆತಾಯಿಗೆ ಅನುಮಾನವಿದ್ದರೆ ಮಿರಜ್, ಬೆಳಗಾವಿಯ ದವಾಖಾನೆಗಳಿವೆ. ಫಿಟ್ಸ್ ಇರುವ ಮಗುವನ್ನು ಪ್ರದರ್ಶನದ ವಸ್ತು ಮಾಡುವುದಂತೂ ಅಕ್ಷಮ್ಯ. ಅದರ ಬದಲು, ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ, ಮೂಗಿಗೆ ಚಪ್ಪಲಿ ಹಿಡಿಯುವ ರೂಢಿಯಿಂದ ಏನೂ ಆಗದೆಂದು ತಿಳಿಸಲು ಈ ಪಾಠವೇ ಸರಿಯಾದ ಸಂದರ್ಭ.

ಇನ್ನೊಂದು ಬಗೆಯ ಅಪಾಯ ಮಾರುಕಟ್ಟೆಯಿಂದ ಬರುವಂಥದ್ದು. ‘ಮಿಡ್‌ಬ್ರೇನ್ ಆಕ್ಟಿವೇಶನ್’ ಹೆಸರಿನಲ್ಲಿ ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುತ್ತಾರೆಂದು ತಂದೆತಾಯಿಯಿಂದ ಸಾವಿರಗಟ್ಟಲೆ ಹಣ ಪಡೆದ ತರಗತಿಗಳು ಕರ್ನಾಟಕದಲ್ಲೂ ನಡೆದವು. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದೇ ಇದರ ಗುಟ್ಟು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಒಬ್ಬರು. ಬೆರಳಚ್ಚು ನೋಡಿ ಮಗು ಡಾಕ್ಟರಾಗುತ್ತದೋ ಎಂಜಿನಿಯರಾಗುತ್ತದೋ ಹೇಳುವವರೂ ಇದೇ ಪಂಗಡ. ಇನ್ನು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಿ ಏಕಾಗ್ರತೆ ಅಳೆದು ವರದಿ ಕಳಿಸುತ್ತಿದ್ದ ಪ್ರಯೋಗ ಪಾಲಕರ ಸಿಟ್ಟಿಗೆ ಗುರಿಯಾಗಿ 2019ರಲ್ಲಿ ನಿಂತಿತು. ತನ್ನ ಕೈಯಾರೆ ಎಲೆಕ್ಟ್ರೋಡ್ ಅಂಟಿಸಿ, ಕಣ್ಣು ಮಿಟುಕಿಸಿದರೂ ಮಿದುಳಿನ ಗೆರೆ ಕೆಟ್ಟುಹೋಗುವುದನ್ನು ಕಂಡ ವಿದ್ಯಾರ್ಥಿ, ಮನಸ್ಸು ಓದುವ ಯಂತ್ರ ತಂದಿದ್ದೇನೆ ಎಂಬವನ ಮಾತಿಗೆ ಸುಲಭವಾಗಿ ಮರುಳಾಗುವುದಿಲ್ಲ. ಕಿಟ್‌ನ ಅತಿ ದೊಡ್ಡ ಲಾಭ ಇದೇ ಇರಬಹುದು.

ದುಡ್ಡು, ಮಾಸ್ತರು, ಭಾಷೆ

ಹಣದ ದಾರಿಗಳು ಇಲ್ಲದಿಲ್ಲ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನವಿದೆ. ಅಲ್ಲಿ ಆರ್ಡುಯಿನೊ, ಬೆಸುಗೆ ಸಾಮಾನು ಮೊದಲೇ ಇರುತ್ತವೆ, ವರ್ಧಕವೊಂದು ಸೇರಿದರೆ ಮುಗಿಯಿತು. 2025ರ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್‌ಗಳ ಭರವಸೆ ಕೊಟ್ಟಿದೆ. ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೆ ಆಯ್ಕೆಯಾದ ವಿದ್ಯಾರ್ಥಿಗೆ 10,000 ರೂಪಾಯಿ ಬರುತ್ತದೆ. ಚಿಕ್ಕೋಡಿಯ ಕೆಎಲ್ಇ ಎಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯ ವಿಎಸ್ಎಂ ತಾಂತ್ರಿಕ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್ ಎಂದು ಮುಕ್ತ ವಿನ್ಯಾಸದ ಹತ್ತು ವರ್ಧಕ ಕಟ್ಟಿ ಸುತ್ತಲಿನ ಶಾಲೆಗೆ ಕೊಟ್ಟರೆ ಇಬ್ಬರಿಗೂ ಲಾಭ. ಅಂಥ ಪ್ರಾಜೆಕ್ಟುಗಳಿಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ನೆರವೂ ಉಂಟು. ಮತ್ತೆ ಮತ್ತೆ ಬೇಕಾಗುವುದು ಇಸಿಜಿ ಅಂಟುಪಟ್ಟಿ ಮಾತ್ರ. ವಾನ್ಲೆಸ್ ಆಸ್ಪತ್ರೆ 1894ರಲ್ಲಿ ಆರಂಭವಾದ ಕಾಲದಿಂದ ದವಾಖಾನೆಗಳ ಊರೇ ಆಗಿರುವ ಮಿರಜ್ ಕಾಗವಾಡಕ್ಕೆ ಕೂಗಳತೆಯಲ್ಲಿದೆ, ಅಲ್ಲಿನ ಸರ್ಜಿಕಲ್ ಅಂಗಡಿಗಳಲ್ಲಿ ಅವು ಸಿಗುತ್ತವೆ.

ಆದರೆ ಕಿಟ್ ಕೊಟ್ಟ ಮಾತ್ರಕ್ಕೆ ಕಲಿಕೆ ಆಗದು ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷಿಯಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾಗಿ ಸಾವಿರದಷ್ಟು ಶಾಲೆಗಳಿಗೆ ಹಬ್ಬಿತು. ಅಗ್ಗದ ಕಿಟ್ ಅದರ ಒಂದು ಕಾಲು ಮಾತ್ರವಾಗಿತ್ತು. ಶಿಕ್ಷಕರ ನಿರಂತರ ತರಬೇತಿ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ, ಕಳೆದ ಸಾಮಾನು ತುಂಬಿಕೊಡುವ ವ್ಯವಸ್ಥೆ ಉಳಿದ ಕಾಲುಗಳು. 2002ರಲ್ಲಿ ಸರ್ಕಾರ ಅದನ್ನು ಮುಚ್ಚಿದಾಗ ಕಿಟ್ ಇದ್ದೂ ಇಲ್ಲದಂತಾಯಿತು. ಬೀಗ ಹಾಕಿದ ಕಪಾಟಿನಲ್ಲಿ ದೂಳು ತಿನ್ನುವ ಉಪಕರಣಗಳನ್ನು ಕಾಣಲು ಹೋಶಂಗಾಬಾದ್‌ವರೆಗೆ ಹೋಗಬೇಕಿಲ್ಲ.

ಭಾಷೆಯ ತೊಡಕು ಇಲ್ಲಿ ವಿಶೇಷವಾದದ್ದು. ಈ ಕಿಟ್‌ಗಳ ಕೈಪಿಡಿ ಇಂಗ್ಲಿಷಿನಲ್ಲಿದೆ. ಗಡಿ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮ ಶಾಲೆಯ ಪಕ್ಕದಲ್ಲೇ ಮರಾಠಿ ಮಾಧ್ಯಮದ ಶಾಲೆಯಿದೆ, ಉರ್ದು ಶಾಲೆಯೂ ಇದೆ. ಹತ್ತು ಪುಟದ ಸಚಿತ್ರ ಕೈಪಿಡಿಯನ್ನು ಕನ್ನಡ-ಮರಾಠಿ ಎರಡರಲ್ಲೂ ತಯಾರಿಸಿದರೆ ಒಂದೇ ಕಿಟ್ ಎರಡೂ ಶಾಲೆ ಸುತ್ತಬಹುದು. ‘ಬಾಲ ವಿಜ್ಞಾನ’ ಮಾಸಿಕ ನಡೆಸುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿಗೂ, ಚಿಕ್ಕೋಡಿಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ಗೂ ಇದು ಅಸಾಧ್ಯದ ಕೆಲಸವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿಜವಾದ ಮಿದುಳನ್ನು ಮುಟ್ಟಿ ನೋಡುವ ವಸ್ತುಸಂಗ್ರಹಾಲಯವಿದೆ, ಆದರೆ ನಿಪ್ಪಾಣಿಯಿಂದ ಅದು ಐನೂರೈವತ್ತು ಕಿಲೋಮೀಟರಿಗೂ ಆಚೆ. ಸಮೀಪದ ನೆರವೆಂದರೆ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದಂಥ ಕಡೆಯ ಬಲ್ಲವರು.

ಒಟ್ಟಿನಲ್ಲಿ

ಎಲ್ಲವನ್ನೂ ತೂಗಿ ನೋಡಿದರೆ ತೀರ್ಮಾನ ಕಷ್ಟದ್ದಲ್ಲ. ಪ್ರತಿ ಶಾಲೆಗೊಂದು ಕಿಟ್ ಎಂಬುದು ಟೆಂಡರಿಗೆ ಚೆಂದ, ಕಲಿಕೆಗೆ ಅನಗತ್ಯ. ಒಂದು ಕ್ಲಸ್ಟರಿಗೆ ದೇಶದಲ್ಲೇ ತಯಾರಾದ ಎರಡು ಕಿಟ್, ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಇಬ್ಬರು ಶಿಕ್ಷಕರು, ಎರಡು ಭಾಷೆಯ ಒಂದು ಕೈಪಿಡಿ, ವರ್ಷಕ್ಕೊಮ್ಮೆ ಅಂಟುಪಟ್ಟಿ-ಬ್ಯಾಟರಿಗೆ ಸಣ್ಣ ಮೊತ್ತ, ಇಷ್ಟಾದರೆ ಸಾಕು. ಜಿರಳೆ ಬೇಡ, ತೋಳು ಮತ್ತು ಗಿಡ ಇರಲಿ. ನೆತ್ತಿಗೆ ಕರೆಂಟ್ ಹರಿಸುವ ಯಾವುದೂ ಶಾಲೆಯ ಹೊಸ್ತಿಲು ದಾಟದಿರಲಿ. ಕಿಟ್‌ಗೆ ಅರ್ಜಿ ಹಾಕುವ ಮೊದಲು ಮಾಸ್ತರು ನಾಳೆಯೇ ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭುಜ ಅದುಮುವ ಪ್ರಯೋಗ ಮಾಡಿಸಲಿ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ, ಮತ್ತು ಅದನ್ನು ಮಾಡಿಸಿದ ಶಾಲೆಗೆ ಕೊಟ್ಟ ಕಿಟ್ ಮಾತ್ರ ಕಪಾಟಿನಿಂದ ಹೊರಬರುತ್ತದೆ.